ಸ್ಪರ್ಶಕ್ರೀಡಾ ಸಾಧನಗಳೂ ದುಡಿಯುವ ಕೈಯ ಪುನಶ್ಚೇತನವೂ

ಮುಂಬಯಿಯ ಮಧ್ಯ ರೈಲುಮಾರ್ಗದಲ್ಲಿ ಕಾಂಜೂರ್‌ಮಾರ್ಗಕ್ಕೂ ನಾಹೂರಿಗೂ ನಡುವೆ ಇರುವ ಭಾಂಡುಪ್ ಉಪನಗರವು ಹೊರಗಿನವರಿಗೆ ಎರಡು ಕಾರಣಗಳಿಂದ ಪರಿಚಿತವಾಗಿದೆ. ಒಂದು, ನಗರದ ಕುಡಿಯುವ ನೀರಿನ ಬಹುಭಾಗವನ್ನು ಶುದ್ಧಗೊಳಿಸುವ ಬೃಹತ್ ಸ್ಥಾವರ. ಮತ್ತೊಂದು, ಹಿಂದೆ ಆಗ್ರಾ ರಸ್ತೆಯೆನಿಸಿದ್ದು ಈಗ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗವೆನಿಸಿರುವ ಹೆದ್ದಾರಿಯ ಇಕ್ಕೆಲಗಳಲ್ಲಿ ಬೆಳೆದ ಕಾರ್ಖಾನೆಗಳು. 1958ರಲ್ಲಿ ಸ್ಥಾಪಿತವಾದ ಸೀಯೆಟ್ ಕಂಪೆನಿಯ ಟೈರು ಕಾರ್ಖಾನೆ, ಗೆಸ್ಟ್ ಕೀನ್ ವಿಲಿಯಮ್ಸ್ ಕಂಪೆನಿಯ ಲೋಹದ ಕಾರ್ಖಾನೆ ಮೊದಲಾದವುಗಳ ಸುತ್ತ ಪಶ್ಚಿಮದ ಗುಡ್ಡದ ಮೈಮೇಲೆ ವಸತಿಗಳು ಹಬ್ಬಿದವು. ಕಾಲಾಂತರದಲ್ಲಿ ಅನೇಕ ಕಾರ್ಖಾನೆಗಳು ಮುಚ್ಚಿ ಅವುಗಳ ನೆಲದಲ್ಲಿ ಬಹುಮಹಡಿ ಕಟ್ಟಡಗಳೆದ್ದುವು. ಆದರೆ ಗಾಳೆಗಳಲ್ಲಿ ನಡೆಯುವ ಪುಟ್ಟ ಪ್ರೆಸ್ಸುಗಳು, ಲೇಥುಗಳು, ಪ್ಲಾಸ್ಟಿಕ್ ಅಚ್ಚಿನ ಯಂತ್ರಗಳು ನಿಂತಿಲ್ಲ. ಹೋಟೆಲುಗಳ ಅಡಿಗೆಮನೆಗಳೂ ನಿಂತಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯಿಂದ ಬಂದವರಾಗಲಿ, ಕಲಬುರಗಿ ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಾಗಲಿ, ಇಂತಹ ಉಪನಗರಗಳಲ್ಲಿ ನೆಲೆನಿಂತ ಕನ್ನಡಿಗರಲ್ಲಿ ಹೆಚ್ಚಿನವರು ಊರಿನಿಂದ ಹೊತ್ತು ತಂದ ಬಂಡವಾಳವೆಂದರೆ ಅವರ ಎರಡು ಕೈಗಳು.

ಆ ಕೈಗೆ ಪೆಟ್ಟಾದರೆ ಏನಾಗುತ್ತದೆ? ಪ್ರೆಸ್ಸಿನ ಅಡಿಯಲ್ಲಿ ಬೆರಳು ಸಿಕ್ಕಬಹುದು. ಕುದಿಯುವ ಎಣ್ಣೆ ಮುಂಗೈಮೇಲೆ ಚೆಲ್ಲಿ, ಗಾಯ ಮಾಯುವಾಗ ಚರ್ಮ ಸೆಟೆದು ಬೆರಳುಗಳನ್ನು ಮಡಚಿಬಿಡಬಹುದು. ಅಥವಾ ನಡುವಯಸ್ಸಿನ ಒಂದು ಬೆಳಗ್ಗೆ ಪಾರ್ಶ್ವವಾಯು ಬಡಿದು ಒಂದು ಪಕ್ಕವೇ ಸೋಲಬಹುದು. ಶಸ್ತ್ರವೈದ್ಯನು ಎಲುಬನ್ನು ಕೂಡಿಸುತ್ತಾನೆ, ಕಡಿದ ನರವನ್ನು ಹೊಲಿಯುತ್ತಾನೆ. ಔಷಧವು ಪ್ರಾಣವನ್ನು ಉಳಿಸುತ್ತದೆ. ಆದರೆ ಅಂಗಿಯ ಗುಂಡಿ ಹಾಕುವ, ಚಿಲ್ಲರೆ ಎಣಿಸುವ, ಸೌಟು ಹಿಡಿಯುವ ಶಕ್ತಿ ಅಷ್ಟರಿಂದಲೇ ಮರಳುವುದಿಲ್ಲ. ಅದಕ್ಕೆ ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಬೇಕಾದ ದೀರ್ಘವಾದ, ಬೇಸರದ ಅಭ್ಯಾಸ ಬೇಕು. ಇಂದು ‘ಸ್ಪರ್ಶಕ್ರೀಡಾ ಸಾಧನ’ಗಳೆಂದು ಕರೆಯಬಹುದಾದ ಒಂದು ವರ್ಗದ ಉಪಕರಣಗಳು ಹುಟ್ಟಿರುವುದು ಆ ಬೇಸರವನ್ನು ಗೆಲ್ಲುವುದಕ್ಕಾಗಿ.

ಹೆಸರು ಭಾರವಾಗಿ ತೋರಿದರೂ ವಸ್ತು ಸರಳವಾದುದು. ಕೈಯಲ್ಲಿ ಹಿಡಿಯಬಹುದಾದ ಒಂದು ಘನವಸ್ತು: ಮರದ ಗಟ್ಟಿ, ಗುಬುಟು, ಚೆಂಡು, ಮಣೆ ಅಥವಾ ಕಾಲಲ್ಲಿ ತುಳಿಯುವ ಹಾಸು. ಅದರೊಳಗೆ ಅಡಗಿದ ಸಂವೇದಕಗಳು ಆ ವಸ್ತು ಎಲ್ಲಿದೆ, ಎಷ್ಟು ವಾಲಿದೆ, ಎಷ್ಟು ಬಲದಿಂದ ಅದುಮಲ್ಪಟ್ಟಿದೆ ಎಂಬುದನ್ನು ಅರಿಯುತ್ತವೆ. ಅಯಸ್ಕಾಂತದ ಸಾಮೀಪ್ಯವನ್ನು ಗ್ರಹಿಸುವ ಬಿಲ್ಲೆ, ಒತ್ತಡವನ್ನು ಅಳೆಯುವ ಪಟ್ಟಿ, ಚಲನೆಯ ವೇಗವ್ಯತ್ಯಾಸವನ್ನು ತಿಳಿಯುವ ಹರಳು, ಪ್ರತಿಯೊಂದು ಕಾಯಿಗೂ ಬೇರೆಬೇರೆ ಗುರುತು ಕೊಡುವ ರೇಡಿಯೋ ಚೀಟಿ — ಇವೇ ಆ ಸಂವೇದಕಗಳು. ಇವು ಕಳುಹಿಸಿದ ಸುದ್ದಿಯನ್ನು ಬೆರಳುದ್ದದ ಒಂದು ಗಣಕಫಲಕ ಓದಿ, ದೀಪದಿಂದಲೋ ದನಿಯಿಂದಲೋ ಪರದೆಯ ಮೇಲಿನ ಚಿತ್ರದಿಂದಲೋ ಉತ್ತರ ಕೊಡುತ್ತದೆ. ರೋಗಿಯು ಆಡುತ್ತಾನೆ, ವಸ್ತು ಮಾರುತ್ತರ ನೀಡುತ್ತದೆ. ಆಟ ಮುಂದೆ ಸಾಗುತ್ತದೆ. 2005ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ‘ಆರ್ಡುಯಿನೋ’ ಎಂಬ ಫಲಕವೂ ಅದರ ಅನುಕರಣೆಗಳೂ ಈಗ ಕೆಲವು ನೂರು ರೂಪಾಯಿಗಳಿಗೆ ದೊರೆಯುವುದರಿಂದ, ಇಂತಹ ಸಾಧನವನ್ನು ಕಟ್ಟುವುದು ಒಬ್ಬ ಚತುರ ಡಿಪ್ಲೊಮಾ ವಿದ್ಯಾರ್ಥಿಗೂ ಅಸಾಧ್ಯವಲ್ಲ.

ಯಂತ್ರದ ಕಥೆಯನ್ನು ಹೇಳುವ ಮೊದಲು ಅದರ ಹಿಂದಿನ ವಿಚಾರದ ಕಥೆಯನ್ನು ಹೇಳಬೇಕು. ಏಕೆಂದರೆ ಅದರ ಭಾರತೀಯ ಅಧ್ಯಾಯ ಆರಂಭವಾದುದು ಮುಂಬಯಿಯಲ್ಲಿಯೇ. ಅಮೇರಿಕದಲ್ಲಿ ಎಲಿಜಬೆತ್ ಲಂಡಿ ಎಂಬ ಹೆಸರಿನಿಂದ ಹುಟ್ಟಿ, ನಿಂಬಕರ ಮನೆತನದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು ಫಿಲಡೆಲ್ಫಿಯಾದಲ್ಲಿ ‘ಆಕ್ಯುಪೇಷನಲ್ ಥೆರಪಿ’ಯನ್ನು ಕಲಿತು, 1950ರಲ್ಲಿ ಪರಳದ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆ ವಿದ್ಯೆಯ ಶಾಲೆಯನ್ನು ತೆರೆದರು. 1952ರಲ್ಲಿ ಈ ವೃತ್ತಿಯ ಜಾಗತಿಕ ಒಕ್ಕೂಟ ಸ್ಥಾಪಿತವಾದಾಗ ಅದರ ಹತ್ತು ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು. 1955ರಲ್ಲಿ ಹಾಜಿ ಅಲಿಯ ಬಳಿ ಭೌತಿಕ ಚಿಕಿತ್ಸೆ ಹಾಗೂ ಪುನರ್ವಸತಿಯ ಅಖಿಲ ಭಾರತ ಸಂಸ್ಥೆಯೂ ತಲೆಯೆತ್ತಿತು. ಈ ವಿದ್ಯೆಯನ್ನು ಕನ್ನಡದಲ್ಲಿ ಉದ್ಯೋಗಚಿಕಿತ್ಸೆ, ಔದ್ಯೋಗಿಕ ಚಿಕಿತ್ಸೆ ಎಂದೆಲ್ಲ ಅನುವಾದಿಸುವ ವಾಡಿಕೆಯಿದೆ. ಈ ಮಾತುಗಳನ್ನು ಕೇಳಿದವನಿಗೆ ರೋಗಿಗೆ ನೌಕರಿ ಕೊಡಿಸುವ ಕಚೇರಿಯ ನೆನಪಾದರೆ ಆಶ್ಚರ್ಯವಿಲ್ಲ. ಕಾಯವನ್ನೂ ಕೆಲಸವನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ‘ಕಾಯಕ’ ಶಬ್ದ ನಮ್ಮಲ್ಲಿರುವಾಗ ‘ಕಾಯಕಚಿಕಿತ್ಸೆ’ ಎನ್ನುವುದೇ ಮೇಲು. ಆಯುರ್ವೇದದ ‘ಕಾಯಚಿಕಿತ್ಸೆ’ಯೊಡನೆ ಅದನ್ನು ಬೆರೆಸದಂತೆ ಮಾತ್ರ ಎಚ್ಚರ ವಹಿಸಬೇಕು.

ಕಾಯಕಚಿಕಿತ್ಸೆಯ ಮೂಲಸೂತ್ರವೆಂದರೆ, ಗುರಿಯಿಲ್ಲದ ವ್ಯಾಯಾಮಕ್ಕಿಂತ ಅರ್ಥವುಳ್ಳ ಕೆಲಸವು ದೇಹವನ್ನು ಚೆನ್ನಾಗಿ ತಿದ್ದುತ್ತದೆ ಎಂಬುದು. ಅದಕ್ಕಾಗಿಯೇ ಹಳೆಯ ಕಾಯಕಚಿಕಿತ್ಸಾಲಯಗಳಲ್ಲಿ ಮಗ್ಗ, ಕಾಲಿನಿಂದ ತುಳಿಯುವ ಗರಗಸ, ಬುಟ್ಟಿ ಹೆಣೆಯುವ ಬೆತ್ತ ಇರುತ್ತಿದ್ದುವು; ಅವುಗಳ ಜೊತೆಗೆ ಆಟದ ಮಣೆಗಳೂ ಇರುತ್ತಿದ್ದುವು. ಕಾಯಿಗಳ ಬದಲು ದಪ್ಪ ಗೂಟಗಳನ್ನು ನೆಟ್ಟು, ಅವನ್ನು ಎತ್ತಿಡುವಾಗ ಬೆರಳುಗಳಿಗೆ ತಕ್ಕ ಶ್ರಮ ಬೀಳುವಂತೆ ಮಾಡುತ್ತಿದ್ದರು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಿ ಜಗತ್ಪ್ರಸಿದ್ಧರಾದ ಡಾ. ಪಾಲ್ ಬ್ರ್ಯಾಂಡ್ ಅವರು, ಹೊಸ ಕೈ ಪಡೆದವರಿಗಾಗಿ 1951ರಲ್ಲಿ ‘ನವಜೀವ ನಿಲಯ’ವನ್ನು ಕಟ್ಟಿದಾಗ ಅಲ್ಲಿ ಕಲಿಸಿದ ಕಸುಬುಗಳಲ್ಲಿ ಮರದ ಆಟಿಕೆಗಳನ್ನು ಮಾಡುವುದೂ ಒಂದು. ಅಲ್ಲಿ ದೊರೆತ ಪಾಠ ಇಂದಿಗೂ ಸಲ್ಲುತ್ತದೆ. ಸ್ಪರ್ಶಜ್ಞಾನ ಕಳೆದುಕೊಂಡ ಕೈ ಎಷ್ಟು ಬಲವಾಗಿ ಹಿಡಿಯಬೇಕೆಂಬುದನ್ನು ಅರಿಯದೆ ಉಪಕರಣವನ್ನು ಬೇಕಾದುದಕ್ಕಿಂತ ಗಟ್ಟಿಯಾಗಿ ಅದುಮಿ, ತನ್ನ ಚರ್ಮವನ್ನು ತಾನೇ ಹಾಳುಮಾಡಿಕೊಳ್ಳುತ್ತದೆ. ನೋವಿಲ್ಲದಿರುವುದೇ ಅದರ ದೊಡ್ಡ ರೋಗ. ಕೈಗೆ ಕೊಡುವ ವಸ್ತುವಿನ ಅಂಚು, ತೂಕ, ಒರಟುತನಗಳನ್ನು ಆಲೋಚಿಸಿಯೇ ಕೊಡಬೇಕು ಎಂಬುದು ಅಲ್ಲಿಂದ ಬಂದ ತಿಳಿವಳಿಕೆ.

ಇನ್ನು ಅಭ್ಯಾಸದ ಪ್ರಮಾಣದ ವಿಚಾರ. 1996ರಲ್ಲಿ ಅಮೇರಿಕದ ರ‍್ಯಾಂಡಾಲ್ಫ್ ನೂಡೋ ಮತ್ತು ಅವರ ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಈ ಕ್ಷೇತ್ರದಲ್ಲಿ ಮೈಲಿಗಲ್ಲೆಂದು ಪರಿಗಣಿತವಾಗಿದೆ. ಮಿದುಳಿನಲ್ಲಿ ಕೈಯನ್ನು ನಡೆಸುವ ಭಾಗಕ್ಕೆ ಸ್ವಲ್ಪ ಹಾನಿಯಾದ ಅಳಿಲುಕೋತಿಗಳಿಗೆ, ಒಂದು ಹಲಗೆಯಲ್ಲಿ ಕೊರೆದ ಚಿಕ್ಕದೊಡ್ಡ ಗುಳಿಗಳಿಂದ ಆಹಾರದ ಗುಳಿಗೆಗಳನ್ನು ಹೆಕ್ಕುವ ಅಭ್ಯಾಸವನ್ನು ಪ್ರತಿದಿನವೂ ನೂರಾರು ಸಲ ಮಾಡಿಸಲಾಯಿತು. ಅಭ್ಯಾಸವಿಲ್ಲದಿದ್ದರೆ ಹಾನಿಯ ಸುತ್ತಲಿನ ಭಾಗವೂ ಕೈಯ ಲೆಕ್ಕದಿಂದ ಜಾರಿಹೋಗುವುದೆಂದು ಹಿಂದೆಯೇ ಕಂಡುಬಂದಿತ್ತು. ಅಭ್ಯಾಸ ಮಾಡಿದ ಕೋತಿಗಳಲ್ಲಿ ಆ ಭಾಗ ಉಳಿದುಕೊಂಡಿತಲ್ಲದೆ, ಕೆಲವೆಡೆ ನೆರೆಯ ಭಾಗಗಳೂ ಕೈಯ ಕೆಲಸವನ್ನು ವಹಿಸಿಕೊಂಡವು. ಮಿದುಳು ಒಮ್ಮೆ ಕೆತ್ತಿ ಮುಗಿದ ಶಿಲೆಯಲ್ಲ, ಬಳಸಿದಂತೆ ಬದಲಾಗುವ ನೆಲ ಎಂಬುದು ಇದರಿಂದ ಖಚಿತವಾಯಿತು. ಆದರೆ 2009ರಲ್ಲಿ ಕ್ಯಾಥರಿನ್ ಲ್ಯಾಂಗ್ ಮತ್ತು ಇತರರು ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು ರೋಗಿಗಳ ಚಿಕಿತ್ಸೆಯನ್ನು ಕುಳಿತು ಎಣಿಸಿದಾಗ, ಕೈಯ ಉಪಯುಕ್ತ ಚಲನೆಗಳ ಸಂಖ್ಯೆ ಒಂದು ಸರದಿಗೆ ಸರಾಸರಿ 32 ಮಾತ್ರವೆಂದು ಕಂಡಿತು! ಕೋತಿಗೆ ನೂರಾರು, ಮನುಷ್ಯನಿಗೆ ಮೂವತ್ತೆರಡು. ಇದು ಚಿಕಿತ್ಸಕರ ಸೋಮಾರಿತನವಲ್ಲ. ಒಬ್ಬ ಚಿಕಿತ್ಸಕನಿಗೆ ಇರುವ ಹೊತ್ತೇ ಅಷ್ಟು, ರೋಗಿಗೆ ಇರುವ ತಾಳ್ಮೆಯೂ ಅಷ್ಟೇ.

ಗುಳಿ ಕೊರೆದ ಹಲಗೆಯಿಂದ ಕಾಳು ಹೆಕ್ಕುವ ಈ ವರ್ಣನೆಯನ್ನು ಓದಿದ ಕನ್ನಡಿಗನಿಗೆ ತನ್ನ ಅಜ್ಜಿಯ ಅಳಗುಳಿಮಣೆ ನೆನಪಾಗದಿರದು. ತುಳುನಾಡಿನಲ್ಲಿ ಚೆನ್ನೆಮಣೆಯೆನಿಸುವ ಇದರಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕರಂತೆ ಹೂಡಿದರೆ 56 ಬೀಜಗಳು. ಆಡುವವಳು ಒಂದು ಗುಳಿಯ ಬೀಜಗಳನ್ನೆಲ್ಲ ಬಳಿದೆತ್ತಿ ಅಂಗೈಯಲ್ಲಿ ಹಿಡಿದು, ಅವನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳುಗಳ ತುದಿಗೆ ತಂದು ಮುಂದಿನ ಗುಳಿಗಳಿಗೆ ಹಂಚುತ್ತ ಹೋಗುತ್ತಾಳೆ. ಅಂಗೈಯಲ್ಲಿ ಅಡಗಿದ ಚಿಕ್ಕ ವಸ್ತುವನ್ನು ಬೇರೆ ಕೈಯ ಸಹಾಯವಿಲ್ಲದೆ ಬೆರಳತುದಿಗೆ ತರುವ ಈ ಚಲನೆ ಕೈಯ ಕೌಶಲಗಳಲ್ಲಿಯೇ ಸೂಕ್ಷ್ಮವಾದುದು. ಪಾರ್ಶ್ವವಾಯುವಿನ ತರುವಾಯ ಬಹಳ ತಡವಾಗಿ ಮರಳುವುದು, ಕೆಲವರಿಗೆ ಮರಳದೆಯೇ ಹೋಗುವುದು. ಬಸ್ಸಿನಲ್ಲಿ ನಿಂತು ಒಂದೇ ಕೈಯಿಂದ ಚಿಲ್ಲರೆ ತೆಗೆದುಕೊಡುವುದು ಇದೇ ಚಲನೆ. ಒಂದು ಆಟ ಮುಗಿಯುವುದರೊಳಗೆ ಇದು ನೂರನ್ನು ಸುಲಭವಾಗಿ ದಾಟುತ್ತದೆ. ಎಣಿಸಬೇಕೆಂಬ ಪ್ರಜ್ಞೆಯೂ ಆಡುವವರಿಗೆ ಇರುವುದಿಲ್ಲ. ಆಸ್ಪತ್ರೆಗಳಲ್ಲಿ ಕೈಯ ಚುರುಕನ್ನು ಅಳೆಯಲು ಬಳಸುವ ‘ಒಂಬತ್ತು ರಂಧ್ರದ ಗೂಟಪರೀಕ್ಷೆ’ಯು ಒಂಬತ್ತು ಗೂಟಗಳನ್ನು ಒಂದೊಂದಾಗಿ ನೆಟ್ಟು ಮತ್ತೆ ಕೀಳುವುದಕ್ಕೆ ತಗಲುವ ವೇಳೆಯನ್ನು ಲೆಕ್ಕ ಹಿಡಿಯುವಂತಹುದು. ಸ್ವಸ್ಥನಾದ ಯುವಕನಿಗೆ ಅದಕ್ಕೆ ಸುಮಾರು 20 ಸೆಕೆಂಡು ಸಾಕು. ಅಳಗುಳಿಮಣೆಯು ಅದೇ ಜಾತಿಯ ಮರವೆಂದರೆ ತಪ್ಪಾಗಲಾರದು. ಒಂದು ಪರೀಕ್ಷೆಯಾಯಿತು, ಇನ್ನೊಂದು ಆಟವಾಗಿಯೇ ಉಳಿಯಿತು.

ಚೆನ್ನೆಯ ಆಟಕ್ಕೆ ತುಳುವರಲ್ಲಿ ಕಟ್ಟುಪಾಡುಗಳೂ ಇವೆ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಇದು ಮುಖ್ಯವಾಗಿ ಆಟಿ ತಿಂಗಳ ಜಡಿಮಳೆಯಲ್ಲಿ, ಹೊರಗಿನ ಕೆಲಸವಿಲ್ಲದಾಗ ಆಡುವ ಆಟ. ಅಕ್ಕತಂಗಿಯರು ಎದುರುಬದುರಾಗಿ ಆಡಬಾರದೆಂಬ ನಿಷೇಧವೂ ಉಂಟು. ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತ ಜಗಳವಾಗಿ ಪ್ರಾಣ ಕಳೆದುಕೊಂಡ ಕಥೆ ಅದಕ್ಕೆ ಕಾರಣವಾಗಿ ಹೇಳಲ್ಪಡುತ್ತದೆ. ಆಟದಲ್ಲಿ ಎಷ್ಟು ಆವೇಶವಿದೆಯೆಂಬುದನ್ನು ಜನಪದರು ಚೆನ್ನಾಗಿ ಅರಿತಿದ್ದರು. ಚಿಕಿತ್ಸೆಗೆ ಬೇಕಾದುದೂ ಈ ಆವೇಶವೇ. ‘ಇನ್ನು ಹತ್ತು ಸಲ ಬೆರಳು ಮಡಚಿ’ ಎಂದರೆ ಮುಖ ತಿರುಗಿಸುವ ರೋಗಿಯು, ಎದುರಾಳಿಯ ಗುಳಿಯಲ್ಲಿ ಬೀಜಗಳು ರಾಶಿಬಿದ್ದಿರುವುದನ್ನು ಕಂಡರೆ ಕೈಯ ನೋವನ್ನು ಮರೆತು ಮುಂದಕ್ಕೆ ಬಾಗುತ್ತಾನೆ.

ಇತರ ಆಟಗಳಲ್ಲಿಯೂ ಹೀಗೆಯೇ ಒಂದೊಂದು ಚಲನೆ ಅಡಗಿದೆ. ಚೌಕಾಬಾರದಲ್ಲಿ ಕವಡೆಗಳನ್ನು ಅಂಗೈಯ ಬೋಗುಣಿಯಲ್ಲಿ ಕುಲುಕಿ ಮುಂಗೈಯನ್ನು ಮಗುಚಿ ಚೆಲ್ಲಬೇಕು. ಕೀಲಿ ತಿರುಗಿಸಲು, ದೋಸೆ ಮಗುಚಲು ಬೇಕಾದ ಚಲನೆ ಅದೇ. ಮುಂಬಯಿಯ ಚಾಳುಗಳ ಪ್ರಾಣವಾದ ಕೇರಂ ಆಟದಲ್ಲಿ ಸ್ಟ್ರೈಕರನ್ನು ಚಿಮ್ಮಿಸಲು ಬೆರಳನ್ನು ಹೊರಮುಖವಾಗಿ ನೆಟ್ಟಗೆ ಬಿಡಿಸಬೇಕು. ಪಾರ್ಶ್ವವಾಯು ಬಡಿದ ಕೈ ಮುಷ್ಟಿ ಕಟ್ಟುವುದನ್ನು ಬೇಗ ಕಲಿಯುತ್ತದೆ, ಬೆರಳು ಬಿಡಿಸುವುದನ್ನು ಬಹಳ ತಡವಾಗಿ ಕಲಿಯುತ್ತದೆ. ಆದುದರಿಂದ ಕೇರಮ್ಮಿನ ಬೆಲೆ ಇಲ್ಲಿ ಹೆಚ್ಚು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಮಣೆಯಾಟಗಳನ್ನೂ ಇಸ್ಪೀಟಿನ ಆಟಗಳನ್ನೂ ರಚಿಸಿ ಗ್ರಂಥಸ್ಥಗೊಳಿಸಿದಷ್ಟು ಶ್ರದ್ಧೆಯಿಂದ, ಯಾವ ಆಟ ಯಾವ ಸ್ನಾಯುವನ್ನು ದುಡಿಸುತ್ತದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿದರೆ ಅದು ಬಹು ಉಪಯುಕ್ತವಾದೀತು.

ಹಾಗಾದರೆ ಯಂತ್ರವೇಕೆ, ಮಣೆಯೇ ಸಾಲದೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರಿಸಲು ಪಾಶ್ಚಾತ್ಯ ದೇಶಗಳಲ್ಲಿ ನಡೆದುದನ್ನು ನೋಡಬೇಕು. 2006ರಲ್ಲಿ ಜಪಾನಿನ ನಿಂಟೆಂಡೋ ಕಂಪೆನಿಯು ‘ವೀ’ ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಕೈಯಲ್ಲಿ ಹಿಡಿದ ಕೋಲನ್ನು ಬೀಸಿದರೆ ಪರದೆಯ ಮೇಲಿನ ಆಟಗಾರನು ಚೆಂಡನ್ನು ಹೊಡೆಯುತ್ತಿದ್ದನು. 2010ರಲ್ಲಿ ಬಂದ ಮೈಕ್ರೋಸಾಫ್ಟಿನ ‘ಕಿನೆಕ್ಟ್’ ಕೋಲನ್ನೂ ಬಿಟ್ಟು ದೇಹದ ಚಲನೆಯನ್ನೇ ಓದಿತು. ಆಸ್ಪತ್ರೆಗಳು ಇವನ್ನು ಉತ್ಸಾಹದಿಂದ ಬರಮಾಡಿಕೊಂಡವು. ಆದರೆ 2016ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಗುಸ್ತಾವೋ ಸಪೋಸ್ನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಪರಿಶೀಲನೆಯು ಆ ಉತ್ಸಾಹಕ್ಕೆ ಕಡಿವಾಣ ಹಾಕಿತು. ನಾಲ್ಕು ದೇಶಗಳ 141 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವೀ ಆಟವನ್ನೂ ಇನ್ನೊಂದಕ್ಕೆ ಇಸ್ಪೀಟು, ಬಿಂಗೋ, ಮರದ ಗಟ್ಟಿಗಳನ್ನು ಪೇರಿಸುವ ಆಟ, ಚೆಂಡಾಟ ಮೊದಲಾದವನ್ನೂ ಎರಡು ವಾರಗಳಲ್ಲಿ ಹತ್ತು ಸರದಿಗಳಂತೆ ಆಡಿಸಲಾಯಿತು. ಎರಡು ಗುಂಪುಗಳ ಕೈಗಳೂ ಸುಧಾರಿಸಿದವು. ಸುಧಾರಣೆಯಲ್ಲಿ ಗಣನೀಯವಾದ ವ್ಯತ್ಯಾಸವೇನೂ ಇರಲಿಲ್ಲ. ಅಗ್ಗದ, ಎಲ್ಲೆಡೆಯೂ ಸಿಗುವ ಆಟವು ದುಬಾರಿ ಯಂತ್ರಕ್ಕೆ ಸಮನಾಗಿ ನಿಂತಿತು. ಬಡ ದೇಶಗಳ ಪಾಲಿಗೆ ಇದಕ್ಕಿಂತ ಸಂತೋಷದ ವಾರ್ತೆ ಬೇರೆ ಇರಲಾರದು. ಆದರೂ ಇದರ ಸುದ್ದಿ ಯಂತ್ರಗಳ ಜಾಹೀರಾತಿನಷ್ಟು ದೂರ ಹರಡಲಿಲ್ಲ.

ಗಾಳಿಯಲ್ಲಿ ಕೈ ಬೀಸುವುದಕ್ಕೂ ಒಂದು ಬೀಜವನ್ನು ಹೆಕ್ಕುವುದಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಪರದೆಯ ಮೇಲಿನ ಸೇಬಿಗೆ ತೂಕವಿಲ್ಲ, ಜಾರುವ ಮೈಯಿಲ್ಲ. ಕೈ ತಪ್ಪಿದರೆ ಬೀಳುವ ಸದ್ದಿಲ್ಲ. ಕೈಯೆಂಬುದು ಚಲಿಸುವ ಅಂಗ ಮಾತ್ರವಲ್ಲ, ಅರಿಯುವ ಅಂಗವೂ ಹೌದು; ಹಿಡಿದ ವಸ್ತು ಕೊಡುವ ಸುದ್ದಿಯಿಂದಲೇ ಅದು ತನ್ನ ಬಲವನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ. ಅಮೇರಿಕದ ಎಂ.ಐ.ಟಿ.ಯಲ್ಲಿ ಹಿರೋಷಿ ಇಷಿಯಿ ಮತ್ತು ಬ್ರಿಗ್ ಉಲ್ಮರ್ ಅವರು 1997ರಲ್ಲಿ, ಗಣಕದೊಳಗಿನ ಮಾಹಿತಿಗೆ ಮುಟ್ಟಬಹುದಾದ ದೇಹವನ್ನು ಕೊಡಬೇಕೆಂದು ವಾದಿಸಿದ ಪ್ರಬಂಧವು ಸ್ಪರ್ಶಸಾಧನಗಳ ಇತಿಹಾಸದಲ್ಲಿ ಪ್ರಮುಖವಾದುದು. ಚಿಕಿತ್ಸಾಕ್ಷೇತ್ರಕ್ಕೆ ಆ ವಾದವು ತಾನಾಗಿಯೇ ಹೊಂದಿತು.

ಮರದ ಮಣೆಯಿಂದಾಗದ ಕೆಲವು ಕೆಲಸಗಳಿವೆ. ಮೊದಲನೆಯದಾಗಿ ಮಣೆಗೆ ನೆನಪಿಲ್ಲ. ಮನೆಯಲ್ಲಿ ರೋಗಿಯು ಎಷ್ಟು ಆಡಿದನು, ನಿನ್ನೆಗಿಂತ ಇಂದು ಚುರುಕೇ ನಿಧಾನವೇ ಎಂಬುದನ್ನು ಅದು ಹೇಳಲಾರದು. ತಿಂಗಳಿಗೊಮ್ಮೆ ನೋಡುವ ಚಿಕಿತ್ಸಕನು ‘ಚೆನ್ನಾಗಿ ಆಡುತ್ತಿದ್ದೇನೆ’ ಎಂಬ ಮಾತನ್ನೇ ನಂಬಬೇಕು. ಎರಡನೆಯದಾಗಿ, ಮಣೆಯು ರೋಗಿಯ ಶಕ್ತಿಗೆ ತಕ್ಕಂತೆ ತಾನಾಗಿ ಬದಲಾಗುವುದಿಲ್ಲ. ಆಟ ತೀರ ಸುಲಭವಾದರೆ ಬೇಸರ, ತೀರ ಕಠಿಣವಾದರೆ ನಿರಾಶೆ. ಇದಕ್ಕಿಂತ ಸೂಕ್ಷ್ಮವಾದುದು ಕಳ್ಳಚಲನೆಯ ಸಮಸ್ಯೆ: ತೋಳು ಚಾಚಲಾರದವನು ಸೊಂಟವನ್ನೇ ಮುಂದಕ್ಕೆ ಬಾಗಿಸಿ, ಭುಜವನ್ನೆತ್ತಿ ಕಾಯಿಯನ್ನು ಮುಟ್ಟುತ್ತಾನೆ. ಆಟ ಗೆಲ್ಲುತ್ತದೆ, ತೋಳು ಸೋಲುತ್ತದೆ. ಬೆನ್ನಿಗೋ ಭುಜಕ್ಕೋ ಕಟ್ಟಿದ ಒಂದು ಪುಟ್ಟ ಸಂವೇದಕವು ಈ ಕಳ್ಳತನವನ್ನು ಹಿಡಿದು, ಮೈ ಬಾಗಿದೊಡನೆ ಆಟವನ್ನು ನಿಲ್ಲಿಸಬಲ್ಲುದು. ಯಂತ್ರದ ಸಾರ್ಥಕತೆಯನ್ನು ಅಳೆಯಬೇಕಾದುದು ಈ ಸೇವೆಗಳಿಂದಲೇ ಹೊರತು ಅದರ ಬಣ್ಣದ ಚಿತ್ರಗಳಿಂದಲ್ಲ.

ಈ ದಿಕ್ಕಿನಲ್ಲಿ ನಡೆದಿರುವ ಕೆಲಸ ಅಲ್ಪವೇನಲ್ಲ. ಹಾಲೆಂಡಿನಲ್ಲಿ ಮಿದುಳಿನ ಪಾರ್ಶ್ವವಾಯುವಿಗೆ ಒಳಗಾದ ಮಕ್ಕಳಿಗಾಗಿ ‘ಟ್ಯಾಗ್‌ಟೈಲ್ಸ್’ ಎಂಬ, ತನ್ನ ಮೇಲಿಟ್ಟ ಕಾಯಿಗಳನ್ನು ಗುರುತಿಸುವ ಮಣೆಯನ್ನು ಪ್ರಯೋಗಿಸಿದ್ದಾರೆ. ಡೆನ್ಮಾರ್ಕಿನ ಹೆನ್ರಿಕ್ ಹೌಟಾಪ್ ಲುಂಡ್ ಅವರು, ತುಳಿದರೆ ಬೆಳಗುವ ಚೌಕಗಳನ್ನು ನೆಲದಲ್ಲಿ ಜೋಡಿಸಿ ವೃದ್ಧರ ಸಮತೋಲವನ್ನು ಬೆಳೆಸುವ ಆಟಗಳನ್ನು ರೂಪಿಸಿದರು. ನಮ್ಮ ಕುಂಟಾಬಿಲ್ಲೆಯನ್ನು ಬಲ್ಲವರಿಗೆ ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ಮದ್ರಾಸಿನ ಐ.ಐ.ಟಿ.ಯೂ ಸೇರಿ ‘ಪ್ಲೂಟೋ’ ಎಂಬ ಕೈಯ ಯಂತ್ರವನ್ನು ನಿರ್ಮಿಸಿವೆ. ಒಂದೇ ಮೋಟಾರಿಗೆ ಬೇರೆಬೇರೆ ಹಿಡಿಗಳನ್ನು ಸಿಕ್ಕಿಸಿ ಮಣಿಕಟ್ಟು, ಮುಂಗೈ, ಬೆರಳುಗಳನ್ನು ಆಟದ ಮೂಲಕ ಬೇರೆಬೇರೆಯಾಗಿ ಪಳಗಿಸುವಂತೆ ಅದನ್ನು ರಚಿಸಲಾಗಿದೆ. ರೋಗಿಯ ಶಕ್ತಿ ಸಾಲದಿದ್ದಲ್ಲಿ ಮೋಟಾರು ಕೈಗೂಡುತ್ತದೆ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಸಂಸ್ಥೆಯ ‘ಆ್ಯನಿ’ ಎಂಬ ಸಾಧನವು ದೃಷ್ಟಿಹೀನ ಮಕ್ಕಳಿಗೆ ಬ್ರೈಲ್ ಲಿಪಿಯನ್ನು ಕಲಿಸುವಂತಹುದು. ಬೆರಳಿಗೆ ತಗಲುವ ಚುಕ್ಕೆಗಳು ಎದ್ದುಬಿದ್ದು ಅಕ್ಷರಗಳಾಗುತ್ತವೆ. ದನಿ ಅದನ್ನು ಓದಿ ಹೇಳುತ್ತದೆ. ಆಟಗಳಲ್ಲಿ ಮಕ್ಕಳು ಪರಸ್ಪರ ಸ್ಪರ್ಧಿಸುತ್ತಾರೆ. ಹೆಲೆನ್ ಕೆಲ್ಲರಳ ಗುರು ಆ್ಯನ್ ಸಲಿವನ್ನಳ ನೆನಪಿಗೆ ಇಟ್ಟ ಹೆಸರು ಅದು. ಪುನಶ್ಚೇತನ ಹಾಗೂ ಕೌಶಲಶಿಕ್ಷಣಗಳ ನಡುವಿನ ಗೆರೆ ಎಷ್ಟು ತೆಳುವಾದುದೆಂಬುದು ಇದರಿಂದ ಗೊತ್ತಾಗುತ್ತದೆ.

ಕೌಶಲಶಿಕ್ಷಣದ ಮಾತು ಬಂದಾಗ ಎಡ್ವಿನ್ ಲಿಂಕನ ವೃತ್ತಾಂತವನ್ನು ಬಿಡುವಂತಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ನಿನಲ್ಲಿ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈತ, ವಾದ್ಯದ ತಿದಿಗಳನ್ನೇ ಬಳಸಿ, ಕುಳಿತವನನ್ನು ವಿಮಾನದಂತೆ ಓಲಾಡಿಸುವ ಒಂದು ಪೆಟ್ಟಿಗೆಯನ್ನು 1929ರ ಸುಮಾರಿಗೆ ನಿರ್ಮಿಸಿದನು. ಅದನ್ನು ಮೊದಮೊದಲು ಕೊಂಡವರು ವಿಮಾನಶಾಲೆಗಳಲ್ಲ, ಮನೋರಂಜನೆಯ ಉದ್ಯಾನಗಳವರು! ಮಕ್ಕಳ ತೊಟ್ಟಿಲಾಟವೆಂದು ಭಾವಿಸಲ್ಪಟ್ಟ ಆ ಪೆಟ್ಟಿಗೆಯನ್ನು 1934ರಲ್ಲಿ ಅಮೇರಿಕದ ಸೈನ್ಯವು ಕೊಂಡಿತು. ಎರಡನೆಯ ಮಹಾಯುದ್ಧದ ಅಸಂಖ್ಯ ವಿಮಾನಚಾಲಕರು ಪಾಠ ಕಲಿತುದು ಅದರಲ್ಲಿಯೇ. ಇಂದು ವೆಲ್ಡಿಂಗ್ ಕಲಿಸುವ ಅಣಕುಯಂತ್ರಗಳಲ್ಲಿ ಟಾರ್ಚಿನ ಹಿಡಿಯೂ ಅದರ ತೂಕವೂ ನಿಜವಾದುದಾಗಿರುತ್ತವೆ. ಕಿಡಿ ಮಾತ್ರ ಚಿತ್ರ. ಕೈ ನಡುಗಿದರೆ ಅಂಕ ಇಳಿಯುತ್ತದೆ, ಚರ್ಮ ಸುಡುವುದಿಲ್ಲ. ಪ್ರೆಸ್ಸಿನಲ್ಲಿ ಎರಡು ಬೆರಳು ಕಳೆದುಕೊಂಡವನು ಮತ್ತೆ ಪ್ರೆಸ್ಸಿಗೇ ಮರಳಬೇಕೆಂದಿಲ್ಲ. ಉಳಿದ ಮೂರು ಬೆರಳುಗಳಿಗೆ ಯಾವ ಕಸುಬು ಒಗ್ಗುತ್ತದೆಂಬುದನ್ನು ಅಪಾಯವಿಲ್ಲದೆ ಪರೀಕ್ಷಿಸಿ ನೋಡಲು ಇಂತಹ ಆಟದ ಯಂತ್ರಗಳು ನೆರವಾಗುತ್ತವೆ.

ಭಾಂಡುಪಿನ ಪ್ರಶ್ನೆಗೆ ಇದರ ಸಂಬಂಧ ಹೀಗೆ. 1948ರ ಕಾಯಿದೆಯಿಂದ ಹುಟ್ಟಿದ ಕಾರ್ಮಿಕ ರಾಜ್ಯ ವಿಮಾ ಯೋಜನೆಯ ಆಸ್ಪತ್ರೆಯೊಂದು ಹತ್ತಿರದ ಮುಲುಂಡಿನಲ್ಲಿದೆ; ನೋಂದಾಯಿತ ಕಾರ್ಖಾನೆಯ ಕಾರ್ಮಿಕನಿಗೆ ಅದು ಆಸರೆ. ಆದರೆ ನಾಲ್ಕಾರು ಜನರ ಗಾಳೆಯಲ್ಲಿ ದುಡಿಯುವವನು, ಕಟ್ಟಡದ ದಿನಗೂಲಿ, ಸಣ್ಣ ಹೋಟೆಲಿನ ಹುಡುಗ — ಇವರ ಹೆಸರು ಯಾವ ವಹಿಯಲ್ಲಿಯೂ ಇರುವುದಿಲ್ಲ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಹೊಂದಿದವನನ್ನು ಕೆಲಸದಿಂದ ತೆಗೆಯಬಾರದೆಂದು 2016ರ ವಿಕಲಾಂಗರ ಹಕ್ಕುಗಳ ಕಾಯಿದೆ ವಿಧಿಸುವುದು ಸರಕಾರಿ ಸಂಸ್ಥೆಗಳಿಗೆ; ಗಾಳೆಯ ಮಾಲಿಕನಿಗಲ್ಲ. ಇಂತಹವನ ಕೈಗೆ ವಾರಕ್ಕೆ ಮೂರು ದಿನದ ಚಿಕಿತ್ಸೆ ಬೇಕೆಂದರೆ, ಅವನು ಗುಡ್ಡದ ಕಡಿದಾದ ಮೆಟ್ಟಿಲುಗಳನ್ನಿಳಿದು, ಕಿಕ್ಕಿರಿದ ಗಾಡಿ ಹತ್ತಿ, ಸುಮಾರು 20 ಕಿಲೋಮೀಟರ್ ದೂರದ ಪರಳಕ್ಕೆ ಹೋಗಿಬರಬೇಕು. ಒಂದು ಕೈ ಸೋತವನಿಗೆ ಲೋಕಲ್ ಗಾಡಿಯ ಸರಳು ಹಿಡಿಯುವುದೇ ಸಾಹಸ. ಜೊತೆಗೆ ಬರುವವರ ಒಂದು ದಿನದ ಕೂಲಿಯೂ ಹೋಗುತ್ತದೆ. ಎರಡು ಮೂರು ವಾರಗಳಾದ ಮೇಲೆ ಹೋಗುವುದು ನಿಲ್ಲುತ್ತದೆ. ಕೈ ಇದ್ದಲ್ಲಿಗೇ ಉಳಿಯುತ್ತದೆ. ಕೊನೆಗೆ ಕುಟುಂಬ ಊರಿಗೆ ಮರಳುವುದೂ ಉಂಟು. ಪಾರ್ಶ್ವವಾಯುವಿನ ಮೊದಲ ಕೆಲವು ತಿಂಗಳುಗಳಲ್ಲಿಯೇ ಮಿದುಳು ಹೆಚ್ಚು ಬೇಗ ಕಲಿಯುವುದರಿಂದ, ಹೀಗೆ ಕಳೆದ ವಾರಗಳನ್ನು ಮುಂದೆ ಗಳಿಸುವುದು ಕಷ್ಟ.

ಚಿಕಿತ್ಸಾಲಯವನ್ನು ಗುಡ್ಡದ ಮೇಲೆ ಒಯ್ಯಲಾಗದಿದ್ದರೆ ಆಟವನ್ನು ಒಯ್ಯಬಹುದು. ಮುಂಬಯಿಯ ಕನ್ನಡಿಗರು ಹಗಲು ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದ ಇತಿಹಾಸ ದೊಡ್ಡದು. ಪುಸ್ತಕ, ಹಲಗೆ, ಒಬ್ಬ ಉಪಾಧ್ಯಾಯ, ಸಂಜೆಯ ಮೇಲೆ ಖಾಲಿಯಿರುವ ಒಂದು ಕೋಣೆ — ಇಷ್ಟರಿಂದಲೇ ಅವು ನಡೆದುವು. ಸಂಘದ ಸಭಾಗೃಹದ ಒಂದು ಮೂಲೆಯಲ್ಲಿ ನಾಲ್ಕು ಮಣೆ, ಎರಡು ಕೇರಂ ಹಲಗೆ, ವಾರಕ್ಕೊಮ್ಮೆ ಬಂದು ನೋಡುವ ಒಬ್ಬ ಕಾಯಕಚಿಕಿತ್ಸಕ, ಉಳಿದ ದಿನ ಎದುರಾಳಿಗಳಾಗಿ ಕೂಡುವ ನಿವೃತ್ತರು ಇದ್ದರೆ ಕೈಯ ರಾತ್ರಿಶಾಲೆಯೊಂದು ಆರಂಭವಾದೀತು. ಭಾಷೆಯ ಮಾತೂ ಇಲ್ಲಿ ಚಿಕ್ಕದಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟಾದವನಿಗೆ ಬಲಗೈಯ ಜೊತೆಗೆ ಮಾತೂ ಹೋಗಬಹುದು. ಅಂಗಡಿಯಲ್ಲಿ ಸಿಗುವ ಆಟದ ಯಂತ್ರ ಇಂಗ್ಲಿಷಿನಲ್ಲಿ ಹುರಿದುಂಬಿಸುತ್ತದೆ. ಬೀಜ ಗುಳಿಗೆ ಬಿದ್ದಾಗ ಮಣೆಯೇ ‘ಒಂದು, ಎರಡು’ ಎಂದೋ ‘ಒಂಜಿ, ರಡ್ಡ್’ ಎಂದೋ ಎಣಿಸಿದರೆ, ಆ ದನಿಯ ಹಿಂದೆಯೇ ರೋಗಿಯ ನಾಲಗೆಯೂ ಎಣಿಸಲು ಯತ್ನಿಸುತ್ತದೆ. ಎಣಿಕೆಯಂತಹ ರೂಢಿಯ ಮಾತುಗಳು ಇತರ ಮಾತುಗಳಿಗಿಂತ ಮೊದಲು ಮರಳುವುದನ್ನು ವಾಕ್‌ಚಿಕಿತ್ಸಕರು ಬಲ್ಲರು.

ಇಂತಹ ಮಣೆಯನ್ನು ನಿರ್ಮಿಸುವ ಜಾಣ್ಮೆಗೆ ಬಹುದೂರ ಹೋಗಬೇಕಾಗಿಲ್ಲ. ನೆರೆಯ ಪವಯಿಯಲ್ಲಿ 1958ರಲ್ಲಿ ಸ್ಥಾಪಿತವಾದ ಐ.ಐ.ಟಿ.ಯಿದೆ, ಅಲ್ಲಿ 1969ರಲ್ಲಿ ಆರಂಭವಾದ ಔದ್ಯೋಗಿಕ ವಿನ್ಯಾಸ ಕೇಂದ್ರವೂ, 2014ರಲ್ಲಿ ವೈದ್ಯಕೀಯ ಉಪಕರಣಗಳ ಶೋಧಕ್ಕೆಂದು ಆರಂಭವಾದ ಬೆಟಿಕ್ ಕೇಂದ್ರವೂ ಇವೆ. ಮರದ ಕೆಲಸಕ್ಕೆ ಚನ್ನಪಟ್ಟಣದ ಕುಶಲಕರ್ಮಿಗಳು. ಆಲೆ ಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಅವರ ಕಾಯಿಗಳಿಗೆ ಚೂಪಾದ ಅಂಚಿರುವುದಿಲ್ಲ, ಸ್ಪರ್ಶಜ್ಞಾನ ಕುಂದಿದ ಕೈಗೆ ಅದೇ ಮುಖ್ಯ. ಪ್ರತಿ ಗುಳಿಯ ತಳದಲ್ಲಿ ಬೀಜ ಬಿದ್ದುದನ್ನು ತಿಳಿಯುವ ಒಂದು ಸಂವೇದಕ, ಮಣೆಯ ಒಳಮೈಯಲ್ಲಿ ಗಣಕಫಲಕ, ಪಕ್ಕದಲ್ಲಿ ಒಂದು ಧ್ವನಿಪೆಟ್ಟಿಗೆ ಇದ್ದರೆ ಸಾಕು. ಪರದೆಯ ಅಗತ್ಯವೇ ಇಲ್ಲ. ಸೇರಿದ ಲೆಕ್ಕವನ್ನು ಚಿಕಿತ್ಸಕನು ವಾರಕ್ಕೊಮ್ಮೆ ತನ್ನ ಮೊಬೈಲಿಗೆ ಇಳಿಸಿಕೊಳ್ಳಬಹುದು: ಒಟ್ಟು ಎಷ್ಟು ಬೀಜ, ಒಂದು ಬೀಜಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು, ಗುಳಿ ತಪ್ಪಿ ಹೊರಗೆ ಬಿದ್ದುವೆಷ್ಟು.

ಬಳಕೆಯಲ್ಲಿ ಕೆಲವು ಎಚ್ಚರಗಳು ಅವಶ್ಯ. ಹೊಲಿದ ಕಂಡರವು ಬಲಗೊಳ್ಳುವ ಮೊದಲ ವಾರಗಳಲ್ಲಿ ಚಿಕಿತ್ಸಕನ ಅಪ್ಪಣೆಯಿಲ್ಲದೆ ಯಾವ ಆಟವೂ ಸಲ್ಲದು. ಉತ್ಸಾಹದ ಒಂದು ಜಗ್ಗಿಗೆ ಹೊಲಿಗೆ ಹರಿದೀತು. ಭುಜದ ನೋವಿರುವವನಿಗೆ ಮಣೆಯನ್ನು ಎತ್ತರದಲ್ಲಿಡಬಾರದು. ಕೈ ಜೋಮು ಹಿಡಿದವರ ಚರ್ಮವನ್ನು ಆಟದ ಮುಂಚೆಯೂ ಆಮೇಲೆಯೂ ಕಣ್ಣಿನಿಂದ ನೋಡಬೇಕು. ಬೀಜಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತ ಹೋಗುವುದು ಕ್ರಮ: ಮೊದಲು ಕೈತುಂಬುವ ಮರದ ಗುಂಡು, ಅನಂತರ ಹುಣಿಸೆಬೀಜ, ಕಟ್ಟಕಡೆಗೆ ಮಂಜೊಟ್ಟಿ. ಗುಲಗಂಜಿಯ ಅಂದಕ್ಕೆ ಮರುಳಾಗಿ ಅದನ್ನು ಬಳಸುವವರುಂಟು. ಅದರ ತಿರುಳು ಜಗಿದು ನುಂಗಿದರೆ ಮಾರಕ ವಿಷ. ಎಳೆಯ ಮಕ್ಕಳಿರುವ ಹತ್ತಡಿಯ ಕೋಣೆಗಳಿಗೆ ಮಣೆಯನ್ನು ಕಳುಹಿಸುವಾಗ ಅದರ ಜೊತೆಗೆ ಹುಣಿಸೆಬೀಜದ ಪೊಟ್ಟಣವನ್ನೇ ಕೊಟ್ಟು, ಎಷ್ಟು ಕೊಟ್ಟಿತೆಂದು ಬರೆದಿಟ್ಟುಕೊಳ್ಳುವುದು ಮೇಲು.